ಅಪ್ರೆಂಟಿಸ್ ಮಕ್ಕಳ ಓದಿನ ದಿನಕ್ಕೆ ಕೈ ಹಾಕಬೇಡಿ

ಮಾನ್ಯ ಸಂಪಾದಕರೇ,

ಠಾಣೆ-ಬೇಲಾಪುರ ರಸ್ತೆಯ ಬದಿಯ ಕೈಗಾರಿಕಾ ಪ್ರದೇಶದಲ್ಲಿ ಪಂಪ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಫೋರ್‌ಮನ್. ಕಳೆದ ಮಾರ್ಚ್ ಕೊನೆಯ ವಾರ, ಮರುದಿನ ಲಾರಿಗೆ ಏರಿಸಬೇಕಾದ ಹನ್ನೊಂದು ಪಂಪುಗಳ ಪರೀಕ್ಷೆ ಬಾಕಿ ಇತ್ತು. ಮಧ್ಯಾಹ್ನ ಮೂರೂವರೆಗೆ ಪಾಳಿ ಮುಗಿಸಿ ಹೊರಟಿದ್ದ ಅಪ್ರೆಂಟಿಸ್ ಹುಡುಗನನ್ನು ರಾತ್ರಿ ಹತ್ತರವರೆಗೆ ನಿಲ್ಲಿಸಿಕೊಂಡೆ. ಅವನು ಎಂಜಿನಿಯರಿಂಗ್ ಪದವಿ ಓದುತ್ತಲೇ ವಾರಕ್ಕೆ ನಾಲ್ಕು ದಿನ ನಮ್ಮಲ್ಲಿಗೆ ಬರುವವನು. ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಪರೀಕ್ಷೆ ಇದೆ ಎಂದು ಅವನು ಹೇಳಿದ್ದ. "ಅದು ನಾಳೆ ತಾನೇ" ಎಂದು ಉತ್ತರಿಸಿದ್ದು ನಾನೇ. ಆ ವಿಷಯದಲ್ಲಿ ಅವನು ಫೇಲಾದ, ಮತ್ತೆ ಬರೆಯಬೇಕಾದ ಕೆ.ಟಿ. ಬಂತು.

ಫಲಿತಾಂಶ ಬಂದ ಸಂಜೆ ಅವನ ತಾಯಿ ಫೋನ್ ಮಾಡಿದರು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕಡೆಯವರು, ನಮ್ಮಂತೆ ಕನ್ನಡ ಮಾತನಾಡುವವರು. ಅವರು ಜಗಳವಾಡಲಿಲ್ಲ. "ಅಣ್ಣಾ, ನನ್ನ ಮಗ ನಿಮ್ಮಲ್ಲಿ ಕೆಲಸಕ್ಕೆ ಬಂದವನೋ, ಕಲಿಯಲಿಕ್ಕೆ ಬಂದವನೋ, ಅದೊಂದು ಹೇಳಿ" ಎಂದು ಕೇಳಿದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮ್ಮ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ರಬಾಳೆ, ಮಹಾಪೆ, ವಾಗ್ಳೆ ಎಸ್ಟೇಟ್‌ಗಳಲ್ಲಿ ಸಣ್ಣಪುಟ್ಟ ಕಾರ್ಖಾನೆ ನಡೆಸುವ, ನನ್ನಂತೆ ಪಾಳಿಯ ಪಟ್ಟಿ ಬರೆಯುವ ಕನ್ನಡಿಗರು ನಿಮ್ಮ ಓದುಗರಲ್ಲಿ ಇದ್ದೇ ಇರುತ್ತಾರೆ. ಅವರಿಗೂ ಇದು ತಲುಪಲಿ.

ಉತ್ತರ ಕಾಯ್ದೆಯಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕೆಲಸಗಾರನಲ್ಲ. 15ನೇ ಕಲಂ ಪ್ರಕಾರ ಅಪ್ರೆಂಟಿಸ್‌ಶಿಪ್ ಸಲಹೆಗಾರ ಎಂಬ ಸರಕಾರಿ ಅಧಿಕಾರಿಯ ಒಪ್ಪಿಗೆಯಿಲ್ಲದೆ ಅವನಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ತರಬೇತಿಗೋ ಸಾರ್ವಜನಿಕ ಹಿತಕ್ಕೋ ಅದು ಬೇಕೆಂದು ಮನವರಿಕೆಯಾಗದೆ ಆ ಅಧಿಕಾರಿಯೂ ಒಪ್ಪಿಗೆ ಕೊಡುವಂತಿಲ್ಲ. ನಮ್ಮ ಹನ್ನೊಂದು ಪಂಪುಗಳು ಈ ಎರಡರಲ್ಲಿ ಯಾವುದೂ ಆಗಿರಲಿಲ್ಲ. ಇಷ್ಟು ವರ್ಷ ಫೋರ್‌ಮನ್ ಆಗಿದ್ದೂ ಆ ತಾಯಿ ಕೇಳುವವರೆಗೆ ನಾನು ಈ ಕಲಂಗಳನ್ನು ತೆರೆದು ನೋಡಿರಲಿಲ್ಲ ಎಂಬುದು ನನಗೆ ನಾಚಿಕೆಯ ವಿಷಯ. ಅವನಿಗೆ ತಿಂಗಳಿಗೆ ಸಿಗುವ ಹಣಕ್ಕೆ ಕನ್ನಡದಲ್ಲಿ ಶಿಷ್ಯವೇತನ ಎಂಬ ಹೆಸರಿದೆ. 2019ರಲ್ಲಿ ನಿಯಮ ತಿದ್ದಿದಾಗ ಪದವಿ ಅಪ್ರೆಂಟಿಸ್‌ಗೆ ಅದು ಕನಿಷ್ಠ 9,000 ರೂಪಾಯಿ ಎಂದಾಯಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಒಪ್ಪಂದ ಮಾಡಿಕೊಂಡರೆ ಆ ಕನಿಷ್ಠ ಮೊತ್ತದ ಅರ್ಧವನ್ನು ಸರಕಾರವೇ ಭರಿಸುತ್ತದೆ. ಕಲಿಸಲೆಂದು ಸರಕಾರ ಕೊಡುವ ಆ ಹಣದಲ್ಲಿ ನಾವು ಅಗ್ಗದ ಕೂಲಿ ಪಡೆಯುತ್ತಿದ್ದರೆ ಅದಕ್ಕೆ ಬೇರೆ ಹೆಸರು ಕೊಡಬೇಕಾಗುತ್ತದೆ.

ಇಂಥ ಮಕ್ಕಳಿಗೆ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: ಸಮಯ ಹೊಂದಿಸಿಕೊಳ್ಳಲು ಕಲಿ, ಮೊಬೈಲ್ ಬದಿಗಿಡು, ಬೆಳಿಗ್ಗೆ ಬೇಗ ಏಳು. ಈ ಹುಡುಗ ಕಳವಾದಲ್ಲಿ ಮಾವನ ಮನೆಯಲ್ಲಿದ್ದಾನೆ. ಏಳು ಗಂಟೆಯ ಪಾಳಿಗೆ ಐದಕ್ಕೆ ಏಳುತ್ತಾನೆ, ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಗೆ ಬರುತ್ತಾನೆ. ಎಂಟೂವರೆ ಗಂಟೆ ನಿಂತೇ ಕೆಲಸ. ಸಂಜೆ ಜನ ತುಂಬಿದ ಲೋಕಲ್‌ನಲ್ಲಿ ಮತ್ತೆ ನಿಂತು ಮನೆ ಸೇರಿ ಜರ್ನಲ್ ಬರೆಯಬೇಕು, ಸಬ್ಮಿಷನ್‌ಗೆ ತಯಾರಾಗಬೇಕು. ಕಾಲೇಜಿನಲ್ಲಿ ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಇದರಲ್ಲಿ ಇನ್ನು ಎಲ್ಲಿಂದ ಸಮಯ ಹೊಂದಿಸುವುದು? ಅವನ ದಿನವನ್ನು ಕತ್ತರಿಸುವ ಕತ್ತರಿ ನನ್ನ ಕೈಯಲ್ಲಿದೆ, ಅವನ ಕೈಯಲ್ಲಿಲ್ಲ. ಸೋಮವಾರ ಗೋಡೆಗೆ ಅಂಟಿಸುವ ಪಾಳಿಯ ಪಟ್ಟಿಯಲ್ಲಿ ಒಂದು ಹೆಸರನ್ನು ಒಂದು ಮನೆ ಕೆಳಗೆ ಸರಿಸಿದರೆ ಅವನ ಒಂದು ತರಗತಿ ಹೋಗುತ್ತದೆ.

ಓದಿಗೆ ಬಿಟ್ಟರೆ ಕಾರ್ಖಾನೆಗೆ ನಷ್ಟ ಎನ್ನುವವರಿಗೆ ಪಂಪು ಪರೀಕ್ಷಿಸುವ ನಮ್ಮ ಟೆಸ್ಟ್ ಬೆಡ್‌ನಲ್ಲೇ ನಡೆದದ್ದನ್ನು ಹೇಳುತ್ತೇನೆ. ಮಳೆಗಾಲದ ಮೊದಲ ವಾರ ಒಂದು ಪಂಪ್ ಚಾಲೂ ಮಾಡಿದ ಕೂಡಲೇ ಒಳಗೆ ಜಲ್ಲಿಕಲ್ಲು ಅರೆಯುವಂತೆ ಸದ್ದು ಬಂತು. ಬೇರಿಂಗ್ ಹೋಗಿದೆ ಎಂದು ನಾನು ಬಿಚ್ಚಿಸಿದೆ. ಹೊಸ ಬೇರಿಂಗ್ ಹಾಕಿದರೂ ಅದೇ ಸದ್ದು. ಹುಡುಗ ಹತ್ತಿರ ಬಂದು, "ಸರ್, ಒಮ್ಮೆ ಸಕ್ಷನ್ ಕಡೆಯ ಒತ್ತಡ ನೋಡೋಣವೇ?" ಎಂದ. ಹೀರುವ ಕೊಳವೆಯಲ್ಲಿ ಒತ್ತಡ ತೀರಾ ಕುಸಿದರೆ ನೀರು ಕಾಯದೆಯೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ, ಆ ಗುಳ್ಳೆಗಳು ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲ್ಲರ್‌ನಲ್ಲಿ ಒತ್ತಡ ಏರಿದೊಡನೆ ಒಡೆದು ಲೋಹವನ್ನೇ ಕಚ್ಚಿ ಗುಂಡಿ ಬೀಳಿಸುತ್ತವೆ, ಸದ್ದು ಅದರದ್ದೇ ಎಂದು ವಿವರಿಸಿದ. ಇದಕ್ಕಿರುವ ಕ್ಯಾವಿಟೇಷನ್ ಎಂಬ ಹೆಸರನ್ನು ನಾನು ಕೇಳದವನೇನಲ್ಲ, ಸವೆದ ಇಂಪೆಲ್ಲರ್‌ಗಳನ್ನು ನೂರಾರು ಕಂಡಿದ್ದೇನೆ. ಆದರೆ ಹೊಚ್ಚಹೊಸ ಪಂಪಿನ ಸದ್ದನ್ನು ನಮ್ಮದೇ ಟ್ಯಾಂಕಿನ ಜಾಲರಿಯ ಜೊತೆ ಜೋಡಿಸಿ ನೋಡುವುದು ನನಗೆ ಹೊಳೆದಿರಲಿಲ್ಲ. ಜಾಲರಿ ತೆಗೆದು ನೋಡಿದರೆ ಅರ್ಧಕ್ಕರ್ಧ ಕಸ, ಕೊಳವೆಗೆ ನೀರೇ ಸಾಕಷ್ಟು ಬರುತ್ತಿರಲಿಲ್ಲ. ತೊಳೆದು ಹಾಕಿದೆವು, ಸದ್ದು ನಿಂತಿತು. ಆ ಪಾಠ ಅವನಿಗೆ ಹಿಂದಿನ ವಾರ ತರಗತಿಯಲ್ಲಿ ಆಗಿತ್ತಂತೆ. ಬರದ ಜತ್ತದ ಕಡೆ ನೀರಿನ ಟ್ಯಾಂಕರ್ ಕಾದು ಬೆಳೆದ ಹುಡುಗ ಪಂಪಿನ ಪಾಠವನ್ನು ಎಷ್ಟು ಮನಸ್ಸಿಟ್ಟು ಕೇಳಿರಬಹುದು! ಆ ತರಗತಿಯನ್ನೂ ನಾನು ತಪ್ಪಿಸಿದ್ದರೆ ಇನ್ನೂ ಎಷ್ಟು ಬೇರಿಂಗ್ ಬಿಚ್ಚಿಸುತ್ತಿದ್ದೆನೋ.

ಹೊರದೇಶಗಳಲ್ಲಿ ಇದನ್ನು ಯಾರ ದಯೆಗೂ ಬಿಟ್ಟಿಲ್ಲ. ಪದವಿ ಅಪ್ರೆಂಟಿಸ್‌ಶಿಪ್ ಇಂಗ್ಲೆಂಡಿನಲ್ಲಿ 2015ರಲ್ಲಿ ಬಂತು. ಕೆಲಸದ ಸಮಯದ ಐದನೇ ಒಂದು ಭಾಗ ಕಲಿಕೆಗೇ ಮೀಸಲಿರಬೇಕು ಎಂಬ ನಿಯಮ ಅಲ್ಲಿ ಹಲವು ವರ್ಷ ಇತ್ತು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಇಂಥ ಪದವಿಗೆ ಮೂರು ತಿಂಗಳು ಕಾಲೇಜು, ಮೂರು ತಿಂಗಳು ಕಾರ್ಖಾನೆ ಎಂದು ಸರದಿ ನಡೆಯುತ್ತದೆ. ಕಾಲೇಜಿನ ಸರದಿಯಲ್ಲಿ ಯಾವ ಫೋರ್‌ಮನ್ನನೂ ಹುಡುಗನನ್ನು ಕರೆಸಿಕೊಳ್ಳಲಾರ.

ಆದರೆ ನನಗೆ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಹದಿಮೂರನೇ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದವನು ನಾನು. ಸಂಜೆ ಆರಾದರೆ ಗಲ್ಲೆಯಲ್ಲಿ ಕುಳಿತ ಧಣಿಗಳು ಗಡಿಯಾರ ನೋಡಿ "ಶಾಲೆಯ ಮಕ್ಕಳು ಹೊರಡಿ" ಎಂದು ಕೂಗುತ್ತಿದ್ದರು. ಹೋಟೆಲಿನಲ್ಲಿ ಗಿರಾಕಿಗಳು ಮುಗಿಬೀಳುವ ಹೊತ್ತು ಅದೇ. ಆದರೂ ಕೈಯಲ್ಲಿದ್ದ ಬಟ್ಟೆಯನ್ನು ಇನ್ನೊಬ್ಬ ಮಾಣಿಗೆ ಕೊಟ್ಟು ನಾವು ನಾಲ್ವರು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆವು. ಕಳೆದ ಶತಮಾನದ ಆರಂಭದಲ್ಲೇ ಮೊಗವೀರರು, ಮುಂದೆ ಬೇರೆ ಬೇರೆ ಸಮಾಜದವರು ಈ ಮುಂಬಯಿಯಲ್ಲಿ ದುಡಿಯುವ ಮಕ್ಕಳಿಗಾಗಿ ಅಂಥ ಶಾಲೆಗಳನ್ನು ಕಟ್ಟಿದರು. ಶಾಲೆ ಕಟ್ಟಿದವರನ್ನು ನಾವು ಸಭೆಗಳಲ್ಲಿ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಆರು ಗಂಟೆಗೆ ನಮ್ಮನ್ನು ಬಿಟ್ಟುಕೊಟ್ಟ ಧಣಿಗಳು ಇಲ್ಲದಿದ್ದರೆ ಆ ಬೆಂಚುಗಳ ಮೇಲೆ ಕೂರುವವರು ಯಾರಿದ್ದರು? ನಮ್ಮ ಧಣಿಗಳು ಓದಿದ್ದು ನಾಲ್ಕನೇ ಇಯತ್ತೆ. ಅವರಿಗೆ ಯಾವ ಕಲಮ್ಮೂ ತಿಳಿದಿರಲಿಲ್ಲ. ಅವರ ಹೋಟೆಲಿನಿಂದ ಹೊರಬಂದು ಐ.ಟಿ.ಐ. ಮುಗಿಸಿ ಫೋರ್‌ಮನ್ ಆದ ನಾನು, ಓದುವ ಹುಡುಗನಿಗೆ "ಅದು ನಾಳೆ ತಾನೇ" ಎಂದೆ.

ಕಾರ್ಖಾನೆ ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಒಪ್ಪಂದಕ್ಕೆ ಸಹಿ ಹಾಕುವ ದಿನವೇ ತರಗತಿಯ ದಿನಗಳನ್ನೂ ಪರೀಕ್ಷೆಯ ವಾರಗಳನ್ನೂ ಅದರಲ್ಲಿ ಬರೆಯಿಸಿ. ಮಾರ್ಚ್ ಕೊನೆ ಇರಲಿ, ಆರ್ಡರ್ ಎಷ್ಟೇ ದೊಡ್ಡದಿರಲಿ, ಆ ದಿನಗಳಿಗೆ ಕೈ ಹಾಕಬೇಡಿ. ಕಾಲೇಜುಗಳಿಗೂ ಒಂದು ಮಾತು: ವೇಳಾಪಟ್ಟಿಯನ್ನು ಹಿಂದಿನ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ನಾವು ಪಾಳಿಯನ್ನು ಹೇಗೆ ಹೊಂದಿಸುವುದು? ತಿಂಗಳ ಮೊದಲೇ ಕಾರ್ಖಾನೆಗೂ ಒಂದು ಪ್ರತಿ ಕೊಡಿ. ತಂದೆತಾಯಂದಿರು ಫೋನ್ ಮಾಡಲು ಹಿಂಜರಿಯಬೇಡಿ. ಆ ತಾಯಿ ಹಿಂಜರಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನಮ್ಮ ಕಾರ್ಖಾನೆಯ ಪಾಳಿಯ ಪಟ್ಟಿಯಲ್ಲಿ ಈಗ ಮೂವರು ಅಪ್ರೆಂಟಿಸ್‌ಗಳ ತರಗತಿಯ ದಿನಗಳನ್ನು ಕೆಂಪು ಶಾಯಿಯಲ್ಲಿ ಮೊದಲು ಬರೆದು, ಉಳಿದ ಹೆಸರುಗಳನ್ನು ಆಮೇಲೆ ತುಂಬುತ್ತಿದ್ದೇನೆ. ಹುಡುಗ ಮುಂದಿನ ತಿಂಗಳು ಕೆ.ಟಿ. ಪರೀಕ್ಷೆಗೆ ಕೂರುತ್ತಿದ್ದಾನೆ. ಆ ವಾರದ ಪಟ್ಟಿಯಲ್ಲಿ ಅವನ ಹೆಸರಿಲ್ಲ ಎಂದು ಅವನ ತಾಯಿಗೆ ಫೋನ್ ಮಾಡಿ ತಿಳಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫೋರ್‌ಮನ್, ಠಾಣೆ