ಶಾಲಿನ ಬದಲು ಬುಟ್ಟಿ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ಲಾ ಗ್ರಾಹಕರಿಗೆ ಶಿರಸಿಯಿಂದ ನಮಸ್ಕಾರ.

ಮಳೆ ಇಳೀತಾ ಬಂತು, ಉಬ್ಬಿ ಕೂತಿದ್ದ ಅಂಗಡಿ ಬಾಗಿಲು ಈಗ ಸರಿಯಾಗಿ ಹಾಕ್ಲಿಕ್ಕೆ ಬರ್ತಾ ಇದೆ, ಅಂದ್ರೆ ನಮ್ಮ ಕರಕುಶಲ ಸಂಘಕ್ಕೆ ಚಿತ್ತಾರದ (ಮಲೆನಾಡಿನ ಮಣ್ಣಿನ ಗೋಡೆ ಮೇಲೆ ಬರೆಯೋ ಚಿತ್ರದ) ಆರ್ಡರ್ ಹಿಡಿಯೋ ಕಾಲ ಬಂತು ಅಂತಲೇ ಲೆಕ್ಕ. ಅದಕ್ಕೆ ಮೊದ್ಲು ಒಂದು ವಿಷಯ ಹೇಳ್ಬೇಕು. ಈ ಸಲದ ಭೂಮಿ ಹುಣ್ಣಿಮೆ (ದೀಪಾವಳಿಗೆ ಮೊದ್ಲು ರೈತ್ರು ಪೈರಿಗೆ ಪೂಜೆ ಮಾಡೋ ಹುಣ್ಣಿಮೆ) ಕಳೆದ ಮೇಲೆ ಬುಕ್ ಆಗೋ ಪ್ರತಿ ಚಿತ್ರಕ್ಕೂ, ಪ್ರತಿ ಬುಟ್ಟಿಗೂ 50 ರೂಪಾಯಿ ಜಾಸ್ತಿ ಆಗ್ತದೆ. ಸಣ್ಣ ಕಾರ್ಡು, ಬುಕ್‌ಮಾರ್ಕಿಗೆ ಹಳೇ ರೇಟೇ. ಬರೀ ದರ ಬದಲಾಗಿದೆ ಅಂತ ಒಂದು ಬೋರ್ಡ್ ನೇತುಹಾಕಿ ಸುಮ್ಮನಾಗ್ಲಿಕ್ಕೆ ಮನಸ್ಸು ಬರ್ಲಿಲ್ಲ, ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ, ಅದಕ್ಕೇ ಬರೀತಾ ಇದೇನೆ, ಪತ್ರ ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಪೂರ್ತಿ ಓದಿ.

ನಮ್ಮ ಸಂಘ ವರ್ಷಕ್ಕೊಂದ್ಸಲ ಸನ್ಮಾನ ಇಟ್ಕೊಳ್ತಿದ್ದದ್ದು ನಿಮಗೆ ಗೊತ್ತು, ನಿಮ್ಮಲ್ಲಿ ಎಷ್ಟೋ ಜನ ಬಂದು ಊಟ ಮಾಡಿ ಹೋಗಿದೀರಿ. ಹಾಲ್ ಬಾಡಿಗೆ, ಮೈಕು, ಫ್ಲೆಕ್ಸು, ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೇಲಿಟ್ಟ ಮೊಮೆಂಟೊ. ಎರಡು ವರ್ಷದ ಹಿಂದೆ ಮುಖ್ಯ ಅತಿಥಿಗಳು ಬಂದಾಗ ಎರಡು ಗಂಟೆ ತಡ ಆಗಿತ್ತು, ಸಿದ್ದಾಪುರದ ಕಡೆಯಿಂದ ಬಂದಿದ್ದ ನಮ್ಮ ಚಿತ್ತಾರದ ಹೆಂಗಸ್ರು ಕಡೇ ಸಾಲಲ್ಲಿ ಕೂತು ಕೂತು, ಊರಿನ ಕೊನೇ ಬಸ್ಸು ತಪ್ತದೆ ಅಂತ ಕಾರ್ಯಕ್ರಮ ಶುರುವಾಗೋ ಹೊತ್ತಿಗೆ ಎದ್ದು ಹೋದ್ರು. ಶಾಲು ಹೊದ್ದವರು ಗೋಡೆಗೆ ಒರಗಿಸಿಟ್ಟಿದ್ದ ಚಿತ್ರಗಳ ಕಡೆ ತಿರುಗಿಯೂ ನೋಡ್ಲಿಲ್ಲ. ಮಾರನೇ ದಿನ ಲೆಕ್ಕ ಬರೀವಾಗ ನೋಡಿದ್ರೆ, ಆ ಒಂದು ಸಂಜೆಗೆ ಆದ ಖರ್ಚು ಆ ತಿಂಗಳು ಚಿತ್ರ ಬರೆದವರ ಕೈಗೆ ನಾವು ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ತಪ್ಪು ಅತಿಥಿಗಳದ್ದು ಅಂತ ನಾನು ಹೇಳೋದಿಲ್ಲ, ಕರೆದದ್ದು ನಾವು.

ಹಾಗಾದ್ರೆ ಸನ್ಮಾನ ಯಾರಿಗೆ ಆಗ್ಬೇಕಿತ್ತು ಅಂತ ಯೋಚನೆ ಮಾಡ್ತಾ ಹೋದ ಹಾಗೆ ನಂಗೆ ಮೊದ್ಲು ನೆನಪಾದವರು ಪುಂಡಿ ಅಜ್ಜ. ಅವರ ಹೆಸರು ಇಲ್ಲಿ ಬರೆಯೋದಿಲ್ಲ, ಬರೀಬೇಡ ಅಂದಿದಾರೆ. ಹಸೆ ಚಿತ್ತಾರ ತಗೊಂಡವರಿಗೆಲ್ಲ ಗೊತ್ತಿರ್ತದೆ, ಅದರ ಕೆಂಪು ಕೆಮ್ಮಣ್ಣಿಂದು, ಬಿಳಿ ನೆನೆಸಿ ರುಬ್ಬಿದ ಅಕ್ಕಿದು, ಕಪ್ಪು ಹುರಿದು ಸೀಯಿಸಿದ ಅಕ್ಕಿದು, ಹಳದಿ ಗುರಿಗೆ ಕಾಯಿದು. ಬ್ರಶ್ ಯಾವುದು ಅಂತ ಕೇಳಿದವರು ಕಮ್ಮಿ. ಅದು ಪುಂಡಿ ಗಿಡದ ನಾರು. ಈ ಅಜ್ಜ ತಮ್ಮ ಗದ್ದೆ ಅಂಚಲ್ಲಿ ಒಂದು ಸಾಲು ಪುಂಡಿ ಹಾಕ್ತಾರೆ, ಪಲ್ಯಕ್ಕಲ್ಲ, ನಾರಿಗೇ ಅಂತ. ಕಡ್ಡಿ ಕೊಯ್ದು ಹಳ್ಳದಲ್ಲಿ ಕಲ್ಲು ಹೇರಿ ಮುಳುಗಿಸಿಡ್ತಾರೆ, ತೊಗಟೆ ಕೊಳೆತು ಲೋಳೆ ಬಿಟ್ಟ ಮೇಲೆ ಸುಲಿದು, ತೊಳೆದು, ಒಣಗಿಸಿ, ಪೇಪರಲ್ಲಿ ಸುತ್ತಿ ಅಂಗಡಿಗೆ ತಂದು ಕೊಡ್ತಾರೆ. ದುಡ್ಡು ಮುಟ್ಟೋದಿಲ್ಲ, ಒಂದು ಚಾ ಕುಡಿದು ಹೋಗ್ತಾರೆ. ಆ ನಾರನ್ನ ಬೆರಳುದ್ದಕ್ಕೆ ಕತ್ತರಿಸಿ, ಕಟ್ಟಿ, ತುದಿ ಜಜ್ಜಿದ್ರೆ ಆಯ್ತು ಬ್ರಶ್ಶು. ನಾವು ಒಂದ್ಸಲ ಪೇಟೆ ಬ್ರಶ್ ತಂದು ಕೊಟ್ಟು ನೋಡಿದ್ವಿ, ಅಕ್ಕಿ ಹಿಟ್ಟು ಒಂದು ಕಡೆ ಗುಡ್ಡೆ ಆಗಿ ಇನ್ನೊಂದು ಕಡೆ ಹರಿದು ಹೋಯ್ತು. ನಾರು ಹಾಗಲ್ಲ, ಹಿಟ್ಟನ್ನ ಹೀರಿ ಇಟ್ಕೊಂಡು ಸ್ವಲ್ಪ ಸ್ವಲ್ಪ ಬಿಡ್ತದೆ, ಕೈ ಎತ್ತದೆ ಈ ಮೂಲೆಯಿಂದ ಆ ಮೂಲೆವರೆಗೆ ಒಂದೇ ಎಳೆ. ನೀವು ದುಡ್ಡು ಕೊಟ್ಟು ತಗೊಳ್ಳೋದು ಆ ಎಳೆಯನ್ನೇ, ಅದರ ಅರ್ಧ ಅಜ್ಜನ ಹಳ್ಳದಲ್ಲಿ ತಯಾರಾಗಿರ್ತದೆ.

ಇನ್ನೊಬ್ಬರು ಗೋಡೆ ಉಳಿಸಿದವರು. ಹಳೇ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಕಟ್ಟೋವಾಗ ಎಲ್ಲರೂ ಪೂರ್ತಿ ತೆಗೀರಿ ಅಂದ್ರೂ ಆ ಅಮ್ಮ ಜಗುಲಿ ಗೋಡೆ ಒಂದನ್ನ ಮುಟ್ಲಿಕ್ಕೆ ಬಿಡ್ಲಿಲ್ಲ, ಅದರ ಮೇಲೆ ಬೇರೆ ಮಾಡು ಇಳಿಸಿ ಕೆಮ್ಮಣ್ಣು ಸಾರಿಸಿ ಇಟ್ಕೊಂಡಿದಾರೆ. ನಮ್ಮಲ್ಲಿ ಕಲಿಯೋಕೆ ಬರೋ ಹುಡುಗೀರು ಮೊದ್ಲ ಎಳೆ ಎಳೆಯೋದು ಅಲ್ಲೇ. ಕೂತು ಬೋರ್ಡ್ ಮೇಲೆ ಬರೆಯೋದು ಬೇರೆ, ನಿಂತು ಗೋಡೆ ಮೇಲೆ ಬರೆಯೋದು ಬೇರೆ, ಗೋಡೆ ಇಲ್ದಿದ್ರೆ ಕೈ ಪಳಗೋದೇ ಇಲ್ಲ.

ಘಟ್ಟ ಇಳಿದ್ರೂ ಇದೇ ಕಥೆ. ಕರಾವಳಿ ದೇವಸ್ಥಾನದ ಗೋಡೆ ಮೇಲಿನ ಕಾವಿ ಕಲೆ ನೋಡಿದೀರಲ್ಲ, ನಮ್ಮ ಮಾರಿಕಾಂಬಾ ದೇವಸ್ಥಾನದಲ್ಲೂ ಇದೆ. ಅದು ಬಣ್ಣ ಬಳಿದದ್ದಲ್ಲ. ಚಿಪ್ಪಿ ಸುಟ್ಟು ಮಾಡಿದ ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಕೊಳೆಹಾಕಿ, ಕುಟ್ಟಿ ಗಾರೆ ಮಾಡ್ಬೇಕು, ಅದರ ಮೇಲೆ ಕೆಂಪು ಕಾವಿ ಪದರ ಕೊಟ್ಟು ನುಣ್ಣಗೆ ಉಜ್ಜಿ, ಹಸಿ ಇರೋವಾಗಲೇ ಕಬ್ಬಿಣದ ಮೊನೆಯಿಂದ ಕೆರೆದ್ರೆ ಕೆಳಗಿನ ಬಿಳಿ ಮೇಲೆ ಬರ್ತದೆ. ಸಿಮೆಂಟ್ ಮೇಲೆ ಈ ಕೆಲಸ ಆಗೋದೇ ಇಲ್ಲ. ನಮ್ಮ ಇಬ್ಬರು ಹುಡುಗ್ರು ಸಣ್ಣ ಹಲಗೆ ಮೇಲೆ ಇದನ್ನ ಕಲೀತಾ ಇದಾರೆ, ಅವರಿಗೆ ಕುಮಟಾ ಕಡೆಯಿಂದ ಚಿಪ್ಪಿ ಸುಣ್ಣ ಬರ್ತದೆ, ಸುಡೋರು ಈಗ ಅಲ್ಲೊಬ್ಬರು ಇಲ್ಲೊಬ್ಬರು, ಆದ್ರೂ ನಾವು ಕೇಳೋ ಎರಡು ಚೀಲಕ್ಕೂ ಇಲ್ಲ ಅಂದವರಲ್ಲ. ಆ ಚೀಲ ದೇವಿಮನೆ ಘಾಟ್ ಹತ್ತಿಸಿ ಮಳೆ ನೀರು ತಾಗದ ಹಾಗೆ ತಂದು ಇಳಿಸೋ ಟೆಂಪೋ ಡ್ರೈವರ್ ಬಾಡಿಗೆ ಕೇಳಿದ್ರೆ "ಮತ್ತೆ ನೋಡುವ" ಅಂತಾರೆ, ಆ ಮತ್ತೆ ಇಲ್ಲಿವರೆಗೂ ಬಂದಿಲ್ಲ.

ಹೊನ್ನಾವರದ ಡಾ. ಕೃಷ್ಣಾನಂದ ಕಾಮತರನ್ನ ಇಲ್ಲಿ ನೆನೆಯದೇ ಇರ್ಲಿಕ್ಕೆ ಆಗೋದಿಲ್ಲ. ಓದಿದ್ದು ವಿಜ್ಞಾನ, ಆದ್ರೂ ಕ್ಯಾಮೆರಾ ಹಿಡಿದು ಊರೂರು ತಿರುಗಿ ಕಾವಿ ಚಿತ್ರಗಳನ್ನ ದಾಖಲೆ ಮಾಡಿಟ್ರು. 2002ರಲ್ಲಿ ಅವರು ತೀರಿಕೊಂಡ್ರು. ಜೀರ್ಣೋದ್ಧಾರ ಅಂತ ಎಷ್ಟೋ ಕಡೆ ಹಳೇ ಗೋಡೆ ಕೆಡವಿ ಟೈಲ್ಸ್ ಹಾಕಿ ಆಗಿದೆ, ನಮ್ಮ ಹುಡುಗ್ರು ಈಗ ಹಳೇ ವಿನ್ಯಾಸ ನೋಡಿ ಕಲೀಬೇಕು ಅಂದ್ರೆ ಅಂಥ ಫೋಟೋಗಳೇ ಗತಿ. ಕಾವಿ ಗೋಡೆ ತಾವೇ ಕೆರೆಯದೇನೂ ಆ ಕಲೆಗೆ ಇಷ್ಟು ಮಾಡ್ಬಹುದು ಅಂತ ನಂಗೆ ತಿಳಿದದ್ದು ಅವರಿಂದ.

ಕೆತ್ತನೆ ಕೆಲಸದ ಗುಡಿಗಾರರು ಹಗುರ ಬೆಂಡಿನ ಗಿಡದಿಂದ ಮಾಡೋ ಕೆಲಸಕ್ಕೂ ಹೀಗೇ, ಬಾಸಿಂಗ ಮಾಡೋ ಬೆಂಡು ನೀರು ನಿಲ್ಲೋ ಕೆರೆಲಿ ಬೆಳೀತದೆ, ಕೆರೆಗೆ ಇಳಿದು ಕಿತ್ಕೊಳ್ಳಿ ಅಂತ ಬಿಡೋ ಊರಿನವರು ಇದ್ರೆ ಉಂಟು, ಇಲ್ದಿದ್ರೆ ಇಲ್ಲ.

ಈಗ ಬದಲಾವಣೆಗೆ ಬರ್ತೇನೆ. ಬಾಡಿಗೆ ಹಾಲ್, ಸ್ಟೇಜು, ಶಾಲು ಎಲ್ಲ ನಿಲ್ಸಿದೇವೆ. ಭೂಮಿ ಹುಣ್ಣಿಮೆಯಿಂದ ದೀಪಾವಳಿವರೆಗೆ ನಾವೇ ಇಂಥವರ ಮನೆಗೆ ಹೋಗ್ತೇವೆ, ಜೊತೆಗೆ ಚಿತ್ರ ಬರೆದವರೂ ಬರ್ತಾರೆ. ಕೊಡೋದು ಒಂದು ಭೂಮಣ್ಣಿ ಬುಟ್ಟಿ, ಭೂಮಿ ಹುಣ್ಣಿಮೆ ದಿನ ಹೊಲಕ್ಕೆ ಚರಗ (ಭೂಮಿಗೆ ಬೀರೋ ಎಡೆ) ಒಯ್ಯೋ ಬುಟ್ಟಿಗೆ ಹೇಗೆ ಸಾರಿಸಿ ಬರೀತಾರೋ ಹಾಗೇ ಕೈಯಲ್ಲಿ ಬರೆದದ್ದು. ನಿಮ್ಮ 50 ರೂಪಾಯಿ ಹೋಗೋದು ಆ ಬುಟ್ಟಿ ಬರೆದವರಿಗೆ, ಪೂರ್ತಿ ಮಜೂರಿ, ಸನ್ಮಾನದ ಕೆಲಸ ಅಂತ ಪುಕ್ಕಟೆ ಬರೆಸೋ ಪದ್ಧತಿ ನಮ್ಮಲ್ಲಿ ಇನ್ನು ಇಲ್ಲ. ಉಳಿದದ್ದು ಸುಣ್ಣದ ಬಾಡಿಗೆಗೆ, ಮಣ್ಣಿನ ಗೋಡೆ ರಿಪೇರಿಗೆ. ಲೆಕ್ಕದ ಪುಸ್ತಕ ಕೌಂಟರ್ ಮೇಲೇ ಇರ್ತದೆ, ಯಾರು ಬೇಕಾದ್ರೂ ತೆರೆದು ನೋಡಿ.

ಚಿತ್ರದ ಹಿಂದೆ ಇಷ್ಟು ದಿನ ಬರೆದವರ ಹೆಸರು ಮಾತ್ರ ಇತ್ತು. ಇನ್ನು ಒಂದು ಚೀಟಿ ಅಂಟಿಸ್ತೇವೆ, ನಾರು ಯಾರದ್ದು, ಮಣ್ಣು ಎಲ್ಲಿದು, ಸುಣ್ಣ ಸುಟ್ಟವರು ಯಾರು ಅಂತ, ಅವರು ಒಪ್ಪಿದ್ರೆ ಮಾತ್ರ. ಫ್ರೇಮ್ ಹಾಕ್ಸೋವಾಗ ಆ ಚೀಟಿ ಕೀಳ್ಬೇಡಿ ಅಂತ ನಿಮ್ಮ ಫ್ರೇಮಿನವರಿಗೆ ಒಂದು ಮಾತು ಹೇಳಿ.

ಮುಂಗಡ ಕೊಟ್ಟವರಿಗೆ ಹಳೇ ಬೆಲೆಯೇ. ಕಾವಿ ಹಲಗೆ ಮಾತ್ರ ಅರ್ಜೆಂಟ್ ಅಂತ ಕೇಳ್ಬೇಡಿ, ಗಾರೆ ಹದಕ್ಕೆ ಬರದೆ ಕೆರೆಯೋ ಹಾಗಿಲ್ಲ.

ನಿಮ್ಮ ಊರಲ್ಲೂ ಇಂಥವರು ಇದ್ದೇ ಇರ್ತಾರೆ, ಶಾಲೆ ಗೋಡೆ ಬಿಟ್ಟುಕೊಟ್ಟ ಮಾಸ್ತರು, ಹೋಳಿಲಿ ಬೇಡರ ವೇಷ ಕಟ್ಟಿ ಕುಣಿಯೋರಿಗೆ ವರ್ಷವಿಡೀ ನವಿಲುಗರಿ ಜೋಪಾನ ಮಾಡಿಡೋರು, ಯಾರೇ ಆಗಿರ್ಲಿ, ಅವರನ್ನ ಒಂದು ಮಾತು ಕೇಳಿ ಆಮೇಲೆ ನಮಗೆ ತಿಳಿಸಿ. ಮೊದ್ಲ ಬುಟ್ಟಿ ಪುಂಡಿ ಅಜ್ಜನ ಮನೆಗೆ. ಅವರಿಗೆ ಹೇಳಿದಾಗ "ಬುಟ್ಟಿ ಎಂತಕ್ಕೆ, ಮನೇಲಿ ಇಲ್ವಾ" ಅಂದ್ರು, ಸ್ವಲ್ಪ ಹೊತ್ತು ಬಿಟ್ಟು, ಈ ಸಲ ಪುಂಡಿ ಎರಡು ಸಾಲು ಹಾಕಿದೇನೆ, ಹುಡುಗೀರು ಜಾಸ್ತಿ ಬರ್ತಾ ಇದಾರಂತಲ್ಲ ಅಂತ ಕೇಳಿದ್ರು.

ಇಂತಿ ನಿಮ್ಮ,
ಸಂಘದ ಲೆಕ್ಕ ಬರೆಯುವವಳು, ಶಿರಸಿ