ಕೋಲಾರಕ್ಕೂ ಬೇಕು ಕೊಳ್ಳಲು, ಉಣ್ಣಲು ಒಂದು ಮಾರುಕಟ್ಟೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಕುರಿತು ಈಚೆಗೆ ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ವಾತ್ಸಿ ಬೀದಿಯ ಬಟ್ಟೆ ಅಂಗಡಿಗಳು, ಡ್ಯಾನ್ಯೂಬ್ ನದಿಯ ದಂಡೆಯ ಹೋಟೆಲುಗಳು, ರಾತ್ರಿಯ ದೀಪಾಲಂಕಾರ ಇವುಗಳ ವರ್ಣನೆ ಸೊಗಸಾಗಿತ್ತು. ಆದರೆ ಅದೇ ವಾತ್ಸಿ ಬೀದಿಯ ತುದಿಗೆ, ಸ್ವಾತಂತ್ರ್ಯ ಸೇತುವೆಯ ಬಳಿ ಇರುವ ಮಹಾ ಮಾರುಕಟ್ಟೆಗೆ ಲೇಖಕರು ಒಂದೇ ಸಾಲು ಕೊಟ್ಟಿದ್ದರು. ಕೋಲಾರದಲ್ಲಿ ಬಹಳ ವರ್ಷಗಳಿಂದ ಸಣ್ಣ ಹೋಟೆಲು ನಡೆಸುತ್ತಿರುವ, ಮಗ ಬುಡಾಪೆಸ್ಟ್‌ನಲ್ಲಿ ಕೆಲಸದಲ್ಲಿರುವ ಕಾರಣ ಅಲ್ಲಿ ಹೋಗಿ ಇದ್ದು ಮನೆಗೆ ಬೇಕಾದ ಸೊಪ್ಪು, ತರಕಾರಿಗಳನ್ನು ಆ ಮಾರುಕಟ್ಟೆಯಲ್ಲಿಯೇ ತಂದ ನನಗೆ, ನಮ್ಮ ಜಿಲ್ಲೆಯ ಓದುಗರು ತಿಳಿಯಬೇಕಾದ ಸಂಗತಿ ಆ ಒಂದು ಸಾಲಿನಲ್ಲಿಯೇ ಉಳಿದುಹೋಯಿತು ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬುಡಾ, ಓಬುಡಾ ಮತ್ತು ಪೆಶ್ಟ್ ಎಂಬ ಮೂರು ಊರುಗಳು 1873ರಲ್ಲಿ ಒಂದಾಗಿ ಬುಡಾಪೆಸ್ಟ್ ಆಯಿತು. ಜನಸಂಖ್ಯೆ ಏರತೊಡಗಿದಾಗ, ಬಯಲಿನಲ್ಲಿ ದೂಳು ಕೆಸರುಗಳ ನಡುವೆ ನಡೆಯುತ್ತಿದ್ದ ಸಂತೆಗಳಿಂದ ಅಷ್ಟು ದೊಡ್ಡ ನಗರಕ್ಕೆ ಶುದ್ಧವಾದ ಆಹಾರ ಒದಗಿಸುವುದು ಸಾಧ್ಯವಿಲ್ಲವೆಂದು ಕಂಡುಕೊಂಡ ಅಲ್ಲಿನ ಪೌರಾಡಳಿತ, ಸೂರಿನಡಿಯ ಮಾರುಕಟ್ಟೆಗಳನ್ನು ಕಟ್ಟಿಸಲು ಮುಂದಾಯಿತು. ಶಮು ಪೆಟ್ಸ್ ಎಂಬ ವಾಸ್ತುಶಿಲ್ಪಿ ವಿನ್ಯಾಸಗೊಳಿಸಿದ ಮಹಾ ಮಾರುಕಟ್ಟೆ 1897ರಲ್ಲಿ ತೆರೆಯಿತು. ಇಟ್ಟಿಗೆಯ ಗೋಡೆ, ಕಬ್ಬಿಣದ ಕಂಬಗಳು, ಮೇಲೆ ಜೋಲ್ನಯ್ ಕಾರ್ಖಾನೆಯ ಬಣ್ಣದ ಹೆಂಚು. ಒಳಗೆ ನಿಂತು ತಲೆಯೆತ್ತಿದರೆ ರೈಲು ನಿಲ್ದಾಣದ ಚಾವಣಿಯ ಎತ್ತರ ಕಾಣುತ್ತದೆ. ಇದರ ಜೊತೆಗೆ ಬೇರೆ ಬಡಾವಣೆಗಳಲ್ಲಿಯೂ ಇದೇ ಬಗೆಯ ಸಣ್ಣ ಮಾರುಕಟ್ಟೆಗಳು ಎದ್ದವು.

ಮುಂದೆ ನಡೆದದ್ದನ್ನು ನಮ್ಮೂರಿನ ಪುರಪಿತೃಗಳು ವಿಶೇಷವಾಗಿ ಗಮನಿಸಬೇಕು. 1932ರಲ್ಲಿ ಸಗಟು ವ್ಯಾಪಾರಕ್ಕೆಂದೇ ನಗರದ ದಕ್ಷಿಣಕ್ಕೆ ಬೇರೊಂದು ದೊಡ್ಡ ಮಾರುಕಟ್ಟೆ ತೆರೆಯಿತು. ಲಾರಿಗಟ್ಟಲೆ ಮಾಲು ಅತ್ತ ಹೋದರೂ ಊರ ನಡುವಿನ ಕಟ್ಟಡವನ್ನು ಯಾರೂ ಕೆಡವಲಿಲ್ಲ. ಅದು ಕಿಲೋ, ಅರ್ಧ ಕಿಲೋ ಕೊಳ್ಳುವ ಮನೆಯವರ ಮಾರುಕಟ್ಟೆಯಾಗಿ ಮುಂದುವರಿಯಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ಟು ತಿಂದು, ಆಮೇಲೆ ತೀರಾ ಶಿಥಿಲವಾಗಿ, 1990ರ ದಶಕದ ಆರಂಭದಲ್ಲಿ ಅದನ್ನು ಮುಚ್ಚಬೇಕಾಗಿ ಬಂದಾಗಲೂ ದುರಸ್ತಿಯ ದಾರಿಯನ್ನೇ ಹಿಡಿದರು. 1994ರಲ್ಲಿ ಅದೇ ಕಟ್ಟಡ, ಅದೇ ಕೆಲಸಕ್ಕೆ ಮತ್ತೆ ತೆರೆಯಿತು. ಪ್ಯಾರಿಸ್‌ನವರು 1969ರಲ್ಲಿ ಸಗಟು ವ್ಯಾಪಾರವನ್ನು ಊರ ಹೊರಗಿನ ರಂಜಿಸ್‌ಗೆ ಸಾಗಿಸಿ, 1971ರಿಂದ ಊರ ನಡುವಿನ ತಮ್ಮ ಲೆ ಆಲ್ ಮಾರುಕಟ್ಟೆಯ ಕಬ್ಬಿಣದ ಮಂಟಪಗಳನ್ನು ಕೆಡವಿದ್ದಕ್ಕೆ ಇಂದಿಗೂ ಮರುಗುತ್ತಾರೆ.

ಈಗ ಒಳಗಿನ ವ್ಯವಸ್ಥೆಗೆ ಬರುತ್ತೇನೆ. ನೆಲಮಾಳಿಗೆಯಲ್ಲಿ ಮೀನು ಮತ್ತು ಉಪ್ಪಿನಕಾಯಿ. ನೆಲ ಅಂತಸ್ತಿನಲ್ಲಿ ತರಕಾರಿ, ಹಣ್ಣು, ಮಾಂಸ, ಗಿಣ್ಣು, ಜೇನು, ಮೆಣಸಿನ ಪುಡಿ. ಮೇಲಿನ ಸುತ್ತುಮೊಗಸಾಲೆಯಲ್ಲಿ ತಿಂಡಿ ಊಟದ ಮಳಿಗೆಗಳು ಮತ್ತು ಕಸೂತಿ ಬಟ್ಟೆಗಳು. ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮೆಣಸಿನ ಪುಡಿಯ ಮಳಿಗೆ. ಒಣಗಿದ ಕೆಂಪು ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸಿ, ಮದುವೆಮನೆಯ ಚಪ್ಪರದಲ್ಲಿ ತೋರಣ ಕಟ್ಟಿದಂತೆ ಮಳಿಗೆಯ ಸುತ್ತ ಇಳಿಬಿಟ್ಟಿದ್ದರು. ಕೆಳಗೆ ಸಿಹಿ ಪಾಪ್ರಿಕ, ಖಾರದ ಪಾಪ್ರಿಕ ಎಂದು ಬೇರೆ ಬೇರೆಯಾಗಿ ಜೋಡಿಸಿದ ಪೊಟ್ಟಣಗಳು, ಡಬ್ಬಿಗಳು. ಒಂದೊಂದರ ಮೇಲೂ ಅದು ಮೆಣಸಿನಕಾಯಿಗೆ ಹೆಸರಾದ ಸೆಗೆಡ್ ಊರಿನದೋ ಕಲೋಚಾ ಊರಿನದೋ ಎಂಬುದು ಎದ್ದು ಕಾಣುವ ಅಕ್ಷರಗಳಲ್ಲಿತ್ತು. ವಯಸ್ಸಾದ ಮಾರಾಟಗಾರ್ತಿ ಎರಡು ಬಗೆಯ ಪುಡಿಯನ್ನು ಬಿಳಿಯ ಕಾಗದದ ಮೇಲೆ ಚಿಟಿಕೆ ಚಿಟಿಕೆ ಹಾಕಿ, ಬೆರಳಿನಿಂದ ಸವರಿ ಬಣ್ಣ ತೋರಿಸಿದರು. ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವಾಗ ನಮ್ಮವರೂ ಮೊದಲು ಬಣ್ಣವನ್ನೇ ನೋಡುತ್ತಾರೆ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿತು, ತುರ್ಕರ ಕಾಲದಲ್ಲಿ ಹಂಗೇರಿಗೆ ಹೋಯಿತು. ಸೆಗೆಡ್ ಊರಿನ ಮೆಣಸಿನಕಾಯಿಯಿಂದಲೇ ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜಾರ್ಜಿ ಸಿ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಊರಿನ ಹೆಸರನ್ನು ಅಷ್ಟು ದೊಡ್ಡದಾಗಿ ಬರೆಯುವುದರ ಹಿಂದೆ ಕಹಿಯಾದ ಅನುಭವವೂ ಇದೆ. 2004ರ ಅಕ್ಟೋಬರ್‌ನಲ್ಲಿ ಹಂಗೇರಿಯ ಸರ್ಕಾರ ಪಾಪ್ರಿಕ ಪುಡಿಯ ಮಾರಾಟವನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ಅಗ್ಗಕ್ಕೆ ಸಿಗುವ ಹೊರದೇಶದ ಪುಡಿಯನ್ನು ಸ್ಥಳೀಯ ಪುಡಿಗೆ ಬೆರೆಸಿ ಮಾರಿದ್ದು, ಅದರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಾಂಶ ಮಿತಿಮೀರಿ ಇದ್ದದ್ದು ತಪಾಸಣೆಯಲ್ಲಿ ಪತ್ತೆಯಾಗಿತ್ತು. ಬೆಳೆದ ಊರಿನ ಹೆಸರು ಹೇಳಿ ಮಾರುವವರು ಆ ಹೆಸರಿಗೆ ಜವಾಬ್ದಾರರಾಗಬೇಕೆಂಬ ಕಟ್ಟುನಿಟ್ಟು ಅಲ್ಲಿ ಇಂದು ಬಲವಾಗಿದೆ. ಸೆಗೆಡ್, ಕಲೋಚಾಗಳ ಪುಡಿಗೆ ಯೂರೋಪಿಯನ್ ಒಕ್ಕೂಟದ ಕಾನೂನಿನ ರಕ್ಷಣೆಯೂ ಇದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಾಗಿದ್ದೂ ಕೋಲಾರದ ಯಾವ ಅಂಗಡಿಯಲ್ಲಿ ಅರ್ಧ ಕಿಲೋ ಪುಡಿ ಕೊಂಡರೂ ಅದು ಯಾವ ಊರಿನ ಕಾಯಿ ಎಂದು ತಿಳಿಯುವ ದಾರಿ ಕೊಳ್ಳುವವರಿಗಿಲ್ಲ.

ಊಟದ ವಿಚಾರ ಹೇಳಬೇಕಾದರೆ, ಮಹಾ ಮಾರುಕಟ್ಟೆಯ ಮಹಡಿಯನ್ನು ನಾನು ಪೂರ್ತಿಯಾಗಿ ಮೆಚ್ಚಲಾರೆ. ಹುದುಗು ಬರಿಸಿದ ಹಿಟ್ಟನ್ನು ಅಗಲಿಸಿ ಎಣ್ಣೆಯಲ್ಲಿ ಕರಿದು, ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿಕೆನೆ ಮತ್ತು ತುರಿದ ಗಿಣ್ಣು ಹಾಕಿ ಕೊಡುವ ಲಾಂಗೋಶ್ ಬಿಸಿಯಾಗಿರುವಾಗ ರುಚಿಕರವೇ. ಆದರೆ ಆ ಮಹಡಿ ಪ್ರವಾಸಿಗರಿಂದ ಎಷ್ಟು ಕಿಕ್ಕಿರಿದಿದೆ ಎಂದರೆ ಕುಳಿತು ಉಣ್ಣಲು ಜಾಗವಿಲ್ಲ, ಬೆಲೆಯೂ ಊರಿನವರಿಗೆ ಎಟುಕುವಂಥದ್ದಲ್ಲ. ನನಗೆ ಮಾದರಿಯಾಗಿ ಕಂಡದ್ದು ಸಂಸತ್ ಭವನಕ್ಕೆ ಸ್ವಲ್ಪ ದೂರದಲ್ಲಿರುವ ಹೋಲ್ಡ್ ಬೀದಿಯ ಮಾರುಕಟ್ಟೆ. ಅಲ್ಲಿ ಕೆಳಗೆ ತರಕಾರಿ, ಮಾಂಸದ ಅಂಗಡಿಗಳು, ಮೇಲೆ ಅಡುಗೆ ಮಳಿಗೆಗಳು; ಮಧ್ಯಾಹ್ನವಾದರೆ ಸುತ್ತಲಿನ ಕಚೇರಿಗಳವರು ಬಂದು ಉಂಡು ಹೋಗುತ್ತಾರೆ. ಬುಡಾಪೆಸ್ಟ್‌ನ ಅನೇಕ ಹೋಟೆಲುಗಳು ದಿನಕ್ಕೊಂದು ಊಟವನ್ನು ಗೊತ್ತುಮಾಡಿ, ಒಂದು ಸೂಪು ಮತ್ತು ಒಂದು ಮುಖ್ಯ ಪದಾರ್ಥವನ್ನು ಕಡಿಮೆ ಬೆಲೆಗೆ ಕೊಡುತ್ತವೆ. ಅಂದಿನ ಅಡುಗೆ ಏನು, ಬೆಲೆ ಎಷ್ಟು ಎಂಬುದನ್ನು ಬಾಗಿಲಲ್ಲೇ ಬರೆದಿರುತ್ತಾರೆ. ಬಟಾಣಿ, ಆಲೂಗಡ್ಡೆ, ಪಾಲಕ್ ಇವುಗಳಲ್ಲಿ ಒಂದನ್ನು ಬೇಯಿಸಿ ಗಟ್ಟಿಯಾಗಿ ಮಾಡುವ ಫೋಜೆಲೇಕ್ ಎಂಬ ಪದಾರ್ಥ ಇರುವುದರಿಂದ ಮಾಂಸ ತಿನ್ನದವರಿಗೂ ತೊಂದರೆಯಿಲ್ಲ. ಪ್ರವಾಸಿಗರನ್ನು ಸುಲಿಯುವ ಹೋಟೆಲುಗಳು ಅಲ್ಲಿಯೂ ಉಂಟು. ಬಿಲ್ಲಿಗೆ ಸೇವಾ ಶುಲ್ಕ ಸೇರಿಸುವ ರೂಢಿ ಇರುವುದರಿಂದ ಹೋಗುವವರು ಮೆನು ಪಟ್ಟಿಯ ಕೆಳಗಿನ ಸಾಲುಗಳನ್ನು ಓದಿಯೇ ಊಟ ಹೇಳುವುದು ಒಳ್ಳೆಯದು.

ಈಗ ಕೋಲಾರದ ಮಾತು. ನಮ್ಮ ಎಪಿಎಂಸಿಯ ಟೊಮೆಟೊ ಹರಾಜಿನ ಹೆಸರು ದೇಶಕ್ಕೆಲ್ಲ ಗೊತ್ತಿದೆ. 2023ರ ಜುಲೈನಲ್ಲಿ 15 ಕೆ.ಜಿ.ಯ ಒಂದು ಬಾಕ್ಸು 2,000 ರೂಪಾಯಿ ದಾಟಿದಾಗ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ನಾವಿದ್ದೆವು; ಬೆಲೆ ಬಿದ್ದ ವರ್ಷಗಳಲ್ಲಿ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದ ಚಿತ್ರಗಳನ್ನೂ ಓದುಗರು ನೋಡಿದ್ದಾರೆ. ಅದು ಸಗಟು ವ್ಯಾಪಾರದ ಸ್ಥಳ, ಅದರ ಅಗತ್ಯ ಇದ್ದೇ ಇದೆ. ಆದರೆ ಊರೊಳಗಿನ ಗೃಹಿಣಿಗೆ, ನನ್ನಂಥ ಹೋಟೆಲಿನವನಿಗೆ ಒಂದು ಕಿಲೋ, ಐದು ಕಿಲೋ ಬೇಕಾದರೆ ರಸ್ತೆಯಂಚೇ ಗತಿ. ಹಳೇ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೆಳಗ್ಗೆ ತರಕಾರಿ ಕೊಳ್ಳುವವರು ಒಂದು ಕಣ್ಣು ತಕ್ಕಡಿಯ ಮೇಲೆ, ಇನ್ನೊಂದು ಕಣ್ಣು ಹಿಂದಿನಿಂದ ಬರುವ ಆಟೋಗಳ ಮೇಲೆ ಇಟ್ಟು ನಿಂತಿರುತ್ತಾರೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಸೊಪ್ಪಿನ ಗಂಟು ಹೊತ್ತು ಬರುವ ಹೆಣ್ಣುಮಕ್ಕಳಿಗೆ ನೆರಳಿಲ್ಲ, ಶೌಚಾಲಯವಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಡಿದ ಸೊಪ್ಪನ್ನು ಕೇಳಿದ ಬೆಲೆಗೆ ಕೊಟ್ಟು ಎದ್ದುಹೋಗುತ್ತಾರೆ. ಇದನ್ನು ನೋಡುತ್ತ ನೋಡುತ್ತ ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ ಎನ್ನುವುದೇ ನನಗೆ ನೋವಿನ ಸಂಗತಿ.

ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ನಮ್ಮ ಊರಿನ ಪಕ್ಕದಲ್ಲೇ ದಿನವೂ ಸಾವಿರಾರು ಜನ ಹಾದುಹೋಗುತ್ತಾರೆ. ಅವರಿಗೆ ಸಿಗುವುದು ಎಲ್ಲ ಹೆದ್ದಾರಿಗಳಲ್ಲೂ ಸಿಗುವ ಊಟವೇ. ಮುಳಬಾಗಿಲು ದೋಸೆ, ಅವರೆಕಾಯಿ ಕಾಲದ ಹಿದಕಬೇಳೆ ಸಾರು, ರಾಗಿಮುದ್ದೆ ಬಸ್ಸಾರು, ಶ್ರೀನಿವಾಸಪುರದ ಮಾವು, ಇಷ್ಟನ್ನು ಒಂದೇ ಸೂರಿನಡಿ ಕಾಣುವ ಜಾಗ ನಮ್ಮಲ್ಲಿ ಇಲ್ಲ. ಹಂಗೇರಿಯವರು ಬೇಸಿಗೆಯ ಕೊನೆಗೆ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಬೇಯಿಸಿ ಲೆಚೋ ಎಂಬ ಪದಾರ್ಥ ಮಾಡಿ ಚಳಿಗಾಲಕ್ಕೆಂದು ಗಾಜಿನ ಭರಣಿಗಳಲ್ಲಿ ತುಂಬಿಡುತ್ತಾರೆ. ಬೆಲೆ ಬಿದ್ದ ವಾರ ನಮ್ಮ ಟೊಮೆಟೊವನ್ನು ತೊಕ್ಕು, ಗೊಜ್ಜು ಮಾಡಿ ಮಾರಲು ಬಲ್ಲ ಹೆಂಗಸರು ಪ್ರತಿ ಸ್ತ್ರೀಶಕ್ತಿ ಸಂಘದಲ್ಲೂ ಇದ್ದಾರೆ. ಇಲ್ಲದಿರುವುದು ಅವರಿಗೆ ಕುಳಿತು ಮಾರಲು ಒಂದು ಮಳಿಗೆ. ಸ್ವಸಹಾಯ ಸಂಘಗಳ ಮಹಿಳೆಯರಿಂದಲೇ ನಡೆಯುವ ಅಕ್ಕ ಕೆಫೆಗಳನ್ನು ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದೆ. ಅಂಥದ್ದೊಂದನ್ನು ತರಕಾರಿ ಮಾರುಕಟ್ಟೆಯ ಮಹಡಿಯ ಮೇಲೆಯೇ ತೆರೆದರೆ, ಅಡುಗೆಯವರಿಗೂ ಬೆಳೆದವರಿಗೂ ನಡುವೆ ಮೆಟ್ಟಿಲಷ್ಟೇ ಅಂತರ ಉಳಿಯುತ್ತದೆ.

ಮಾರುಕಟ್ಟೆ ಕಟ್ಟುವುದೆಂದರೆ ಇದ್ದವರನ್ನು ಎಬ್ಬಿಸುವುದೆಂದು ಆಗಬಾರದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳದ್ದೇ ಆಗಿರಬೇಕು. ಇನ್ನೊಂದು ಕಡೆ, ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ, ಉಳಿಸಬೇಕೋ ಕೆಡವಬೇಕೋ ಎಂಬ ವಾದದಲ್ಲಿಯೇ ವರ್ಷಗಳು ಕಳೆದವು. ಕೋಲಾರ ಹೊಸದಾಗಿ ಕಟ್ಟುವುದಾದರೆ ವರ್ಷ ವರ್ಷದ ದುರಸ್ತಿಗೆ ಮಳಿಗೆ ಬಾಡಿಗೆಯ ಒಂದು ಪಾಲನ್ನು ಮೊದಲ ದಿನದಿಂದಲೇ ತೆಗೆದಿಡುವ ನಿಯಮ ಮಾಡಿಕೊಳ್ಳಬೇಕು.

ಆದ್ದರಿಂದ ಜಿಲ್ಲಾಡಳಿತವನ್ನೂ ಚುನಾಯಿತ ಪ್ರತಿನಿಧಿಗಳನ್ನೂ ನಾನು ಕೇಳಿಕೊಳ್ಳುವುದಿಷ್ಟು. ಮಾರುಕಟ್ಟೆ ಊರಿನ ಹೊರಗೆ ಬೇಡ, ನಡೆದು ಹೋಗುವಷ್ಟು ಹತ್ತಿರದಲ್ಲಿರಲಿ. ಕೆಳಗಿನ ಅಂತಸ್ತಿನಲ್ಲಿ ಒಂದು ಭಾಗವನ್ನು ದಿನ ಬಾಡಿಗೆಗೆ ರೈತರಿಗೇ ಮೀಸಲಿಡಬೇಕು. ವರ್ಷದ ಗುತ್ತಿಗೆ ಮಾತ್ರ ಇದ್ದರೆ ಅಲ್ಲಿ ಕೂರುವವರು ದಲ್ಲಾಳಿಗಳೇ. ಪ್ರತಿ ಮಳಿಗೆಯಲ್ಲೂ ಬೆಲೆಯ ಹಲಗೆ, ಬೆಳೆದ ಊರಿನ ಹೆಸರು ಇರಬೇಕು. ಮಹಡಿಯಲ್ಲಿ ಒಂದು ಊಟದ ಬೆಲೆ ಹಮಾಲಿ ಕೆಲಸದವನ ಕೈಗೂ ಎಟುಕುವಂತಿರಬೇಕು. ಹೆಂಗಸರಿಗೆ ಶುಚಿಯಾದ ಶೌಚಾಲಯವನ್ನು ನಕ್ಷೆಯಲ್ಲಿ ಮೊದಲು ಗುರುತಿಸಿ, ಮಳಿಗೆಗಳನ್ನು ಆಮೇಲೆ ಗುರುತಿಸಲಿ. ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುವಾಗ ಸೊಪ್ಪು ಮಾರುವ ಇಬ್ಬರು ಹೆಣ್ಣುಮಕ್ಕಳನ್ನಾದರೂ ಕರೆದು, ಅವರಿಗೆ ಎಂಥ ಕಟ್ಟೆ ಬೇಕು, ಎಷ್ಟು ಎತ್ತರಕ್ಕೆ ಬೇಕು ಎಂದು ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೋಟೆಲ್ ವ್ಯಾಪಾರಿಯಾದ ಒಬ್ಬ ಓದುಗ,
ಕೋಲಾರ