ಶಾಮಿಯಾನಕ್ಕೆ ಅಡ್ವಾನ್ಸ್ ಕೊಡ್ತೀರ, ಸ್ಟುಡಿಯೋಗೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ತುಮಕೂರಲ್ಲಿ ಒಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ ಇಟ್ಕೊಂಡಿದೀನಿ, ಹತ್ತಡಿ ಹನ್ನೆರಡಡಿ ರೂಮು ಅಷ್ಟೆ. ಗಣೇಶನ ಹಬ್ಬಕ್ಕೆ ಭಕ್ತಿಗೀತೆಯವರು, ಎಲೆಕ್ಷನ್ ಬಂದ್ರೆ ಆಟೋ ಪ್ರಚಾರದವರು, ಮಿಕ್ಕ ದಿನ ಕರೋಕೆ ಹಾಡೋರು ಬರ್ತಾರೆ.

ಬರೋರಲ್ಲಿ ಪ್ರಾಕ್ಟೀಸ್ ಮಾಡ್ಕೊಂಡು ಬರೋರು ಕಮ್ಮಿ. "ಶ್ರುತಿ ಯಾವ್ದು, ಹಾರ್ಮೋನಿಯಂನ ಬಿಳಿ ಮನೆ ನಾಲ್ಕಾ ಕಪ್ಪು ಮನೆ ಎರಡಾ" ಅಂದ್ರೆ "ನೀವೇ ನೋಡಿ ಹಾಕ್ಕೊಳಿ ಸಾರ್" ಅಂತಾರೆ. ತಂದಿರೋ ಟ್ರ್ಯಾಕು, ಅಂದ್ರೆ ಹಾಡಿನ ಹಿಂದಿನ ಮ್ಯೂಸಿಕ್ಕು, ಗಂಡಸರ ಶ್ರುತೀದು, ಹಾಡೋಕೆ ಬಂದಿರೋದು ಹೆಣ್ಮಗಳು, ಪಾಪ ಕೆಳಗಿನ ಸ್ವರ ಗಂಟಲಿಂದ ಹೊರಕ್ಕೇ ಬರಲ್ಲ, ಹಂಗಂತ ಟ್ರ್ಯಾಕನ್ನ ನಾಲ್ಕೈದು ಮನೆ ಏರಿಸಿದ್ರೆ ತಬಲ ಡಬ್ಬ ಬಡಿದಂಗೆ ಕೇಳ್ಸುತ್ತೆ. ಸಾಹಿತ್ಯ ವಾಟ್ಸಾಪಲ್ಲಿ ಇರುತ್ತೆ, ಚರಣದ ಮಧ್ಯೆ ಅದಕ್ಕೇ ಫೋನ್ ಬರುತ್ತೆ. ಜೊತೆಗೆ ಬಂದ ಆರು ಜನ ನೆಂಟರು ಸೆಕೆ ಅಂತ ಫ್ಯಾನ್ ಹಾಕ್ತಾರೆ, ಕಂಡೆನ್ಸರ್ ಮೈಕಿಗೆ ಬಳೆ ಸದ್ದೂ ಕೇಳ್ಸುತ್ತೆ ಅಂದ್ರೆ ನಂಬಲ್ಲ. ಮೂರು ಗಂಟೆಗೆ ನಾಲ್ಕು ಸಾಲು ಆದ್ಮೇಲೆ ಕೊನೇ ಮಾತು "ಕಂಪ್ಯೂಟರಲ್ಲಿ ಸರಿ ಮಾಡ್ಬಿಡಿ". ಕಂಪ್ಯೂಟರ್ ಜಾರಿದ ಸ್ವರ ಎತ್ತುತ್ತೆ ಸ್ವಾಮಿ, ಭಕ್ತಿ ಅನ್ನೋ ಕಡೆ ಬಕ್ತಿ ಅಂದ್ರೆ ಅದೇನು ಮಾಡುತ್ತೆ?

ಇದನ್ನಾದ್ರೂ ಸಹಿಸ್ಕೋಬೋದು, ದುಡ್ಡಿನ ಕಥೆ ಬೇರೆ. 2020ರ ಡಿಸೆಂಬರಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್ ಆಯ್ತಲ್ಲ, "ಬೆಳಿಗ್ಗೆ ಆಟೋ ಹೊರಡ್ಬೇಕು" ಅಂತ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದೋರಿಗೆಲ್ಲ ಮಾಡ್ಕೊಟ್ಟೆ, ರಿಸಲ್ಟ್ ಬಂದ್ಮೇಲೆ ಗೆದ್ದೋರು ಫೋನ್ ಎತ್ಲಿಲ್ಲ, ಸೋತೋರು ಎತ್ತಿ ಅತ್ರು. ಉದ್ಯಮ್ ಅನ್ನೋ ಸರ್ಕಾರಿ ರಿಜಿಸ್ಟ್ರೇಷನ್ ಇರೋ ಸಣ್ಣವ್ರಿಗೆ ಹೆಚ್ಚೆಂದ್ರೆ 45 ದಿನದೊಳಗೆ ದುಡ್ಡು ಕೊಡ್ಬೇಕು, ತಪ್ಪಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಅಂತ 2006ರ ಎಂಎಸ್‌ಎಂಇ ಅನ್ನೋ ಸಣ್ಣ ಉದ್ದಿಮೆಗಳ ಕಾಯ್ದೇಲಿದೆ. ಇದೆ, ಆದ್ರೆ ಮೂರು ಸಾವಿರಕ್ಕೆ ಯಾರು ಅಲೀತಾರೆ, ಅದೂ ಅದೇ ಊರಲ್ಲಿ ಇದ್ಕೊಂಡು.

ಅದಕ್ಕೇ ಈಗ ಅರ್ಧ ದುಡ್ಡು ಮೊದ್ಲೇ ಇಸ್ಕೋತೀನಿ, ಬಾಕಿ ಬರೋ ತನಕ ಮಧ್ಯೆ ಮಧ್ಯೆ "ಸ್ಯಾಂಪಲ್" ಅಂತ ನನ್ನ ದನಿ ಇರೋ ಫೈಲ್ ಮಾತ್ರ ಕಳಿಸ್ತೀನಿ. ಸಿಟ್ಟಾಗ್ತಾರೆ. "ನಮ್ಮ ಮೇಲೆ ನಂಬ್ಕೆ ಇಲ್ವಾ" ಅಂತಾರೆ. ಶಾಮಿಯಾನದವರಿಗೆ, ಅಡುಗೆ ಭಟ್ಟರಿಗೆ ಕೇಳದಿದ್ರೂ ಅಡ್ವಾನ್ಸ್ ಕೊಡೋರು ಇವರೇ. ನಂದು ಬರೀ ಬಟನ್ ಒತ್ತೋ ಕೆಲ್ಸ ಅಂದ್ಕೊಂಡಿದಾರೆ ಅನ್ಸುತ್ತೆ. ಓದುಗರಲ್ಲಿ ಹಾಡೋರಿದ್ರೆ ಒಂದೇ ಕೇಳ್ಕೊಳೋದು, ಶ್ರುತಿ ಗೊತ್ತುಮಾಡ್ಕೊಂಡು, ಸಾಹಿತ್ಯ ಹಾಳೇಲಿ ಬರ್ಕೊಂಡು, ಅದೇ ಟ್ರ್ಯಾಕಿಗೆ ಮನೇಲಿ ಹತ್ತು ಸಲ ಹಾಡಿ ಬನ್ನಿ, ನಿಮ್ಗೇ ಗಂಟೆ ಲೆಕ್ಕದ ದುಡ್ಡು ಉಳಿಯುತ್ತೆ.

ಈ ನಿಯಮ ಮಾಡೋಕ್ ಮುಂಚೆ ನಂಬಿ ಕೊಟ್ಟ ಒಂದು ಹಾಡು ನಮ್ಮ ಬೀದಿ ದೇವಸ್ಥಾನದ ಮೈಕಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ ಬರುತ್ತೆ. ಎರಡನೇ ಚರಣದಲ್ಲಿದ್ದ ನಾಯಿ ಬೊಗಳೋ ಸದ್ದು ತೆಗ್ಯೋಕೆ ನನಗೆ ಒಂದು ರಾತ್ರಿ ಹಿಡಿದಿತ್ತು, ದುಡ್ಡು ಇನ್ನೂ ಬಂದಿಲ್ಲ.

- ಒಬ್ಬ ಸ್ಟುಡಿಯೋದವ, ತುಮಕೂರು